ಸೆರೆಸಿಕ್ಕ ಟಿ-34: ಯುದ್ಧದಾಟದ ಮೇಜಿಗೆ ಕಾಲ್ಪನಿಕ ಟ್ಯಾಂಕೊಂದನ್ನು ಕಟ್ಟಿ ಬಣ್ಣ ಹಚ್ಚುವ ಬಗೆ

ಶತ್ರುವಿನಿಂದ ವಶಪಡಿಸಿಕೊಂಡು ಮಾರ್ಪಡಿಸಿದ ಟ್ಯಾಂಕೊಂದನ್ನು ಕಲ್ಪಿಸಿ ಪ್ಲಾಸ್ಟಿಕ್ ಕಿಟ್‌ಗಳಿಂದ ಅದರ ಪುಟ್ಟ ಮಾದರಿಯನ್ನು ಕಟ್ಟುವವರು ಬ್ಲೇಡು ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಈ ಟ್ಯಾಂಕ್ ಎಲ್ಲಿ, ಯಾರ ಕೈಗೆ ಸಿಕ್ಕಿತು? ಸಿಕ್ಕಾಗ ಅದರಲ್ಲಿ ಏನು ಕೆಟ್ಟಿತ್ತು? ರಿಪೇರಿ ಮಾಡಿದವರ ಬಳಿ ಆ ಹೊತ್ತಿಗೆ ಯಾವ ಸಾಮಾನು ಇತ್ತು? ಈ ಮೂರಕ್ಕೂ ಉತ್ತರವಿಲ್ಲದೆ ಕೈಗೆ ಸಿಕ್ಕ ದೊಡ್ಡ ತೋಪನ್ನು ಕೈಗೆ ಸಿಕ್ಕ ಹಲ್‌ಗೆ, ಅಂದರೆ ಟ್ಯಾಂಕಿನ ಒಡಲಿಗೆ, ಅಂಟಿಸಿದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ನೋಡಿದವರಿಗೆ ನಂಬಿಕೆ ಹುಟ್ಟುವುದಿಲ್ಲ.

ಇತಿಹಾಸದಲ್ಲಿ ಇದಕ್ಕೆ ಬೇಕಾದಷ್ಟು ಆಧಾರ ಸಿಗುತ್ತದೆ. 1941ರ ಜನವರಿಯಲ್ಲಿ ತೋಬ್ರುಕ್ ಮೇಲಿನ ದಾಳಿಯಲ್ಲಿ ಆಸ್ಟ್ರೇಲಿಯದ ಸೈನಿಕರು ಇಟಲಿಯಿಂದ ಕಿತ್ತುಕೊಂಡ ಟ್ಯಾಂಕ್‌ಗಳ ಮೇಲೆ ದೊಡ್ಡ ಬಿಳಿ ಕಾಂಗರೂ ಬರೆದು ಓಡಿಸಿದರು. ಸೋವಿಯೆತ್ ಕಾರ್ಖಾನೆಯೊಂದು 1943ರಲ್ಲಿ ಜರ್ಮನರ ಪಾಂಜರ್ 3ರ ಅಡಿಗಟ್ಟಿನ ಮೇಲೆ ತನ್ನ 76.2 ಮಿ.ಮೀ. ತೋಪನ್ನು ಕೂರಿಸಿ ಸುಮಾರು 200 ಎಸ್‌ಯು-76ಐ ವಾಹನಗಳನ್ನು ತಯಾರಿಸಿತು. 1944ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬ್ರಿಟಿಷರ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆ ತನಗೆ ಸಿಕ್ಕ ಜರ್ಮನ್ ಪ್ಯಾಂಥರ್ ಟ್ಯಾಂಕ್ ಒಂದನ್ನು ತನ್ನ ಟ್ಯಾಂಕ್‌ಗಳ ಬಣ್ಣಕ್ಕೇ ತಿರುಗಿಸಿ ‘ಕುಕೂ’ ಎಂದು ಕರೆಯಿತು. ಪರರ ಗೂಡಿನಲ್ಲಿ ಬೆಳೆಯುವ ಕೋಗಿಲೆಯ ಬಗೆಗೆ ಗೊತ್ತಿರುವ ನಮಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಈ ಲೇಖನದ ಮಾದರಿಗೆ ನಾನು ಆರಿಸಿಕೊಂಡಿರುವುದು ಜರ್ಮನರ ಕೈಸೇರಿದ ಸೋವಿಯೆತ್ ಟ್ಯಾಂಕ್ ಟಿ-34. 1943ರ ಮಾರ್ಚ್‌ನಲ್ಲಿ ಖಾರ್ಕೋವ್ ಮತ್ತೆ ಜರ್ಮನರ ಪಾಲಾದಾಗ ಅಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಸಿಕ್ಕ ಟಿ-34ಗಳನ್ನು ರಿಪೇರಿ ಮಾಡಿ, ಕೆಲವಕ್ಕೆ ಕಮಾಂಡರ್ ಸುತ್ತಲೂ ನೋಡಲು ಬಳಸುವ ಜರ್ಮನ್ ಗುಮ್ಮಟವನ್ನೂ ಬದಿಗಳ ರಕ್ಷಣೆಯ ತಗಡುಗಳನ್ನೂ (ಬದಿತಗಡು) ಹಾಕಿ, ಜುಲೈನಲ್ಲಿ ಕುರ್ಸ್ಕ್ ಕದನಕ್ಕೆ ಇಳಿಸಿದ್ದರು. ಅಲ್ಲಿಯವರೆಗೆ ಇತಿಹಾಸ. ಮುಂದಿನದು ನನ್ನ ಕಲ್ಪನೆ: ತೋಪು ಸಿಡಿದುಹೋದ ಟಿ-34 ಒಂದು, ಎಂಜಿನ್ ಸುಟ್ಟುಹೋದರೂ ತೋಪು ನೆಟ್ಟಗಿರುವ ಜರ್ಮನ್ ಟ್ಯಾಂಕ್ ಪಾಂಜರ್ 4 ಒಂದು, ಎರಡೂ ಒಂದೇ ವರ್ಕ್‌ಶಾಪಿನ ಅಂಗಳದಲ್ಲಿ ನಿಂತಿವೆ.

ಹಾಗಾದರೆ ಪಾಂಜರ್ 4ರ ಟರೆಟ್ಟನ್ನೇ (ತೋಪು ಹೊತ್ತು ತಿರುಗುವ ಮೇಲ್ಭಾಗವನ್ನೇ) ಎತ್ತಿ ಟಿ-34ರ ಮೇಲೆ ಇಡಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. 76 ಮಿ.ಮೀ. ತೋಪಿನ ಟಿ-34, ಅಂದರೆ ಟಿ-34/76ರಲ್ಲಿ, ಟರೆಟ್ ಕೂರುವ ಉಂಗುರದ ವ್ಯಾಸ ಸುಮಾರು 1,420 ಮಿ.ಮೀ. ಮಾತ್ರ, ಪಾಂಜರ್ 4ರದ್ದು 1,600 ಮಿ.ಮೀ. ಹಲ್‌ನ ಮೇಲ್ತಗಡನ್ನು ಕೊರೆದು ಅಗಲಿಸದೆ ಅದು ಕೂರುವುದಿಲ್ಲ. ರಣರಂಗದ ಹಿಂದಿನ ವರ್ಕ್‌ಶಾಪಿಗೆ ಅಷ್ಟು ವ್ಯವಧಾನ ಇರುತ್ತಿರಲಿಲ್ಲ. ಆದ್ದರಿಂದ ಟರೆಟ್ ಹಳೆಯದೇ ಇರಲಿ, ತೋಪು ಮಾತ್ರ ಬದಲಾಗಲಿ.

1:72 ಅಳತೆಯ (ನಿಜವಾದದ್ದರ 72ನೇ ಒಂದರಷ್ಟು ಗಾತ್ರದ) ಕಿಟ್‌ಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಟಿ-34ರ ಎಫ್-34 ತೋಪಿನ ಉದ್ದ 3,162 ಮಿ.ಮೀ. ಪಾಂಜರ್ 4ರ 75 ಮಿ.ಮೀ. ಎಲ್/48 ತೋಪಿನದು ನಳಿಗೆಯ ಒಳವ್ಯಾಸದ 48 ಪಟ್ಟು, ಅಂದರೆ 48 ಪಟ್ಟು 75, 3,600 ಮಿ.ಮೀ. ಮೇಜಿನ ಮೇಲಿನ ಅಳತೆಗೆ ಇಳಿಸಿದಾಗ ಇವೆರಡರ ನಡುವಿನ ವ್ಯತ್ಯಾಸ ಬರೀ 6 ಮಿ.ಮೀ. ಮೊದಲ ಸಲ ನಾನು ಇದನ್ನು ಅಳೆಯದೆ, ಪಾಂಜರ್ 4 ಕಿಟ್ಟಿನ ನಳಿಗೆಯನ್ನು ಇಡಿಯಾಗಿ ಅಂಟಿಸಿ, ತೋಪು ಹಲ್‌ಗಿಂತ ಮುಂದಕ್ಕೆ ಚಾಚಿಕೊಂಡದ್ದನ್ನು ಬಣ್ಣ ಹಚ್ಚಿದ ಮೇಲೆ ಕಂಡು ಪರಿತಪಿಸಿದ್ದೆ. ಕಣ್ಣಿಗೆ ಹೊಳೆಯುವ ಬದಲಾವಣೆ ನಳಿಗೆಯ ತುದಿಯಲ್ಲಿರುವ ಎರಡು ಕಿಂಡಿಗಳ ಮೂತಿಬ್ರೇಕಿನಿಂದ (ಗುಂಡು ಹಾರಿದಾಗ ತೋಪಿನ ಹಿಮ್ಮೆಟ್ಟನ್ನು ತಗ್ಗಿಸುವ ಭಾಗ) ಬರುತ್ತದೆ. ಅದನ್ನು ಚೊಕ್ಕವಾಗಿ ಕೊರೆದರೆ ಸಾಕು. ಟಿ-34ರ ಹಳೆಯ ನಳಿಗೆಯನ್ನು ಮುಂಗವಚದ (ತೋಪಿನ ಬುಡವನ್ನು ಮುಚ್ಚುವ ಕವಚದ) ಬುಡದಲ್ಲಿ ಕತ್ತರಿಸಿ, ಆ ತುಂಡನ್ನು ಹೊಸ ನಳಿಗೆಯ ಪಕ್ಕದಲ್ಲಿಟ್ಟು, 6 ಮಿ.ಮೀ. ಹೆಚ್ಚು ಬಿಟ್ಟು ಗುರುತು ಹಾಕಬೇಕು. ಕೈಡ್ರಿಲ್ಲಿನಿಂದ ಎರಡೂ ಕಡೆ 0.8 ಮಿ.ಮೀ. ತೂತು ಕೊರೆದು, ನಡುವೆ ಹಿತ್ತಾಳೆ ತಂತಿಯ ತುಂಡನ್ನು ಹುದುಗಿಸಿ ಫೆವಿಕ್ವಿಕ್ ಹಾಕಿದರೆ ಆಟದ ನಡುವೆ ತೋಪು ಮುರಿದು ಬೀಳುವ ಭಯವಿಲ್ಲ.

ಗುಮ್ಮಟವನ್ನು ಟರೆಟ್ಟಿನ ಎಡಗಡೆಯ ಮುಚ್ಚಳದ ಜಾಗದಲ್ಲಿ ಕೂರಿಸಬೇಕು, ಏಕೆಂದರೆ ಟಿ-34/76ರಲ್ಲಿ ಕಮಾಂಡರ್ ಕುಳಿತುಕೊಳ್ಳುತ್ತಿದ್ದುದು ಎಡಕ್ಕೆ. ಮುಚ್ಚಳವನ್ನು ಕೆತ್ತಿ ತೆಗೆದು ಉಪ್ಪುಕಾಗದದಿಂದ ಸಮ ಮಾಡಿ, ಗುಮ್ಮಟದ ಸುತ್ತ ಉಳಿಯುವ ಸಂದಿಗೆ ಎಂ-ಸೀಲನ್ನು ದಾರದಷ್ಟು ತೆಳ್ಳಗೆ ಹೊಸೆದು ತುಂಬಿ, ಅದು ಗಟ್ಟಿಯಾಗುವ ಮೊದಲು ಒದ್ದೆ ಗುಂಡುಪಿನ್ನಿನ ತುದಿಯಿಂದ ಒತ್ತೊತ್ತಾಗಿ ಚುಚ್ಚುತ್ತ ಹೋದರೆ ವೆಲ್ಡಿಂಗ್ ಮಾಡಿದ ಅಂಚಿನಂತೆಯೇ ಕಾಣುತ್ತದೆ. ಈ ವೆಲ್ಡಿಂಗ್ ಗೆರೆ ಕೊಂಚ ಒರಟಾಗಿದ್ದರೇ ಚೆನ್ನ. ಎರಡು ದೇಶಗಳ ಉಕ್ಕು ಬೆಸೆದುಕೊಂಡದ್ದು ಕಾಣುವುದೇ ಅಲ್ಲಿ.

ಬದಿತಗಡುಗಳಿಗೆ ಪ್ಲಾಸ್ಟಿಕ್ ಹಾಳೆ ಬೇಡ. ನಿಜವಾದ ತಗಡಿನ ದಪ್ಪ 5 ಮಿ.ಮೀ.; 1:72ರಲ್ಲಿ ಅದು 0.07 ಮಿ.ಮೀ. ಆಗುತ್ತದೆ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಇದಕ್ಕೆ ಬಲು ಹತ್ತಿರ. ಕತ್ತರಿಯಿಂದ ಕತ್ತರಿಸಿ, ಎರಡೂ ಬದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಒಂದೆರಡು ಮೂಲೆಗಳನ್ನು ಬೆರಳಿನಿಂದ ಬಾಗಿಸಿ. ಒಂದು ತಗಡನ್ನು ಪೂರ್ತಿ ಬಿಟ್ಟೂ ಬಿಡಬಹುದು. ಜರ್ಮನ್ ಮುಂದೀಪ, ಹಿಂಬದಿಗೆ ಸಾಮಾನಿನ ಪೆಟ್ಟಿಗೆ, ರೇಡಿಯೋ ಏರಿಯಲ್ ಹಾಕಿ. ಸೋವಿಯೆತ್ ಇಂಧನ ಪೀಪಾಯಿಗಳನ್ನು ಮಾತ್ರ ಖಂಡಿತ ಉಳಿಸಿಕೊಳ್ಳಿ: ಜರ್ಮನ್ ಟ್ಯಾಂಕ್‌ಗಳು ಪೆಟ್ರೋಲಿನಲ್ಲಿ ಓಡುತ್ತಿದ್ದವು, ಟಿ-34 ಡೀಸೆಲ್ಲಿನಲ್ಲಿ. ಅದನ್ನು ಓಡಿಸುವವರು ಸಿಕ್ಕಲ್ಲೆಲ್ಲ ಡೀಸೆಲ್ ತುಂಬಿಸಿಕೊಳ್ಳದೆ ಗತಿಯಿರಲಿಲ್ಲ.

ಬಣ್ಣದ ಕೆಲಸದಲ್ಲಿ ಅವಸರ ಸಲ್ಲದು. ಈ ಟ್ಯಾಂಕಿಗೆ ಎರಡು ಜನ್ಮ. ಎರಡನೆಯದರ ಕೆಳಗೆ ಮೊದಲನೆಯದು ಇಣುಕಬೇಕು. ಪ್ರೈಮರ್ ಒಣಗಿದ ಮೇಲೆ ಇಡೀ ಮಾದರಿಗೆ ಸೋವಿಯೆತ್ ಟ್ಯಾಂಕ್‌ಗಳ ಮೂಲಬಣ್ಣವಾದ 4ಬಿಒ ಹಸಿರನ್ನು ಹಚ್ಚಿ. ಆದರೆ ಗುಮ್ಮಟ, ಹೊಸ ನಳಿಗೆ, ಬದಿತಗಡು, ಪೆಟ್ಟಿಗೆ ಇವುಗಳಿಗೆ ಹಸಿರು ತಾಕಬಾರದು, ಅವು ಜರ್ಮನ್ ಸಾಮಾನು. ಅನೇಕರು ಎಡವುವುದು ಇಲ್ಲೇ. ಹಸಿರಿನ ಮೇಲೆ ವಾರ್ನಿಷ್ ಬಳಿದು ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ನಾನೊಮ್ಮೆ ಸಂಜೆಯೇ ಮುಂದುವರಿಸಿ, ಉಜ್ಜುವಾಗ ಹಸಿರೂ ಎದ್ದು ಬಂದು ಬೂದು ಪ್ರೈಮರ್ ಕಂಡಿತ್ತು. ಮರುದಿನ ಹೇರ್‌ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆದು, ಅದು ಆರಿದ ಬಳಿಕ ಕಡುಹಳದಿ ಆಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಹಚ್ಚಿ. ಜರ್ಮನ್ ಸೇನೆ ಈ ಹಳದಿಯನ್ನು ಮೂಲಬಣ್ಣವಾಗಿ ಸ್ವೀಕರಿಸಿದ್ದು 1943ರ ಫೆಬ್ರವರಿಯಲ್ಲಿ, ಹಾಗಾಗಿ ನಮ್ಮ ಕಥೆಗೆ ಅದು ಸರಿಹೊಂದುತ್ತದೆ. ಅರ್ಧ ಗಂಟೆಯೊಳಗೆ ಸಣ್ಣ ಜಾಗವನ್ನು ನೀರಿನಿಂದ ತೇವ ಮಾಡಿ, ಗಿಡ್ಡಗೆ ಕತ್ತರಿಸಿದ ಬಿರುಸು ಬ್ರಷ್ಷಿನಿಂದ ಮೆಲ್ಲನೆ ಉಜ್ಜಿದರೆ ಕೆಳಗಿನ ಹೇರ್‌ಸ್ಪ್ರೇ ಕರಗಿ ಹಳದಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸಿಬ್ಬಂದಿ ಹತ್ತಿಳಿಯುವ ಮಡ್‌ಗಾರ್ಡಿನ ಅಂಚು, ಮುಚ್ಚಳದ ಹಿಡಿ, ಎಂಜಿನ್ ಕವರಿನ ಮೂಲೆ, ಇಷ್ಟು ಕಡೆ ಹಸಿರು ಕಂಡರೆ ಸಾಕು. ಆ ಮೇಲೆ ಸಂದುಗಳಿಗೆ ಕಂದು ವಾಷ್ (ನೀರಾಗಿಸಿದ ಬಣ್ಣ), ಕೆಳಭಾಗಕ್ಕೆ ಒಣಮಣ್ಣಿನ ಧೂಳು.

ಗುರುತುಗಳ ವಿಷಯದಲ್ಲಿ ಧಾರಾಳಿಯಾಗಬೇಕು. ಸೆರೆಸಿಕ್ಕ ಟ್ಯಾಂಕ್‌ಗೆ ಸ್ವಂತ ಪಡೆಯ ಗುಂಡೇ ದೊಡ್ಡ ಅಪಾಯವಾಗಿದ್ದರಿಂದ ಜರ್ಮನರು ಟರೆಟ್ಟಿನ ಬದಿಗಳಲ್ಲಿಯೂ ನೆತ್ತಿಯಲ್ಲಿಯೂ ಭಾರೀ ಗಾತ್ರದ ಶಿಲುಬೆ ಬರೆಯುತ್ತಿದ್ದರು. ಒಂದು ಮೀಟರಿನ ಶಿಲುಬೆ ನಮ್ಮ ಅಳತೆಯಲ್ಲಿ 14 ಮಿ.ಮೀ. ಆಗುತ್ತದೆ, ಡೆಕಾಲ್‌ಗಿಂತ (ಅಚ್ಚಾದ ಅಂಟುಚಿತ್ರಕ್ಕಿಂತ) ಮಾಸ್ಕಿಂಗ್ ಟೇಪಿನಲ್ಲಿ ಅಚ್ಚು ಕತ್ತರಿಸಿ ಸ್ಪಂಜಿನಿಂದ ಒತ್ತುವುದೇ ಲೇಸು, ಅಂಚು ತುಸು ಅಂಕುಡೊಂಕಾದರೂ ಅದು ವರ್ಕ್‌ಶಾಪಿನ ಕೈಬರಹದಂತೆಯೇ ಕಾಣುತ್ತದೆ. ನಿಜವಾದ ಯಾವುದೇ ದಳದ ಲಾಂಛನವನ್ನು ಕಾಲ್ಪನಿಕ ಟ್ಯಾಂಕಿಗೆ ನಾನು ಹಾಕುವುದಿಲ್ಲ. ಇಲ್ಲದ ಇತಿಹಾಸವನ್ನು ಇದ್ದ ದಳದ ತಲೆಗೆ ಕಟ್ಟಿದಂತಾಗುತ್ತದೆ.

ಆಟಕ್ಕೆ ಮುನ್ನ ಎದುರಾಳಿಯೊಡನೆ ಅದರ ಬಲಾಬಲವನ್ನು ಮಾತಾಡಿ ಬರೆದಿಟ್ಟುಕೊಳ್ಳಬೇಕು. ಕವಚ ಟಿ-34ರದ್ದು, ಗುಂಡಿನ ಭೇದಕಶಕ್ತಿ ಪಾಂಜರ್ 4ರದ್ದು ಎಂದಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ, ಏಕೆಂದರೆ ಹಳೆಯ ತೋಪಿನ ಮದ್ದಿನ ಕೋಶ 385 ಮಿ.ಮೀ. ಉದ್ದವಿದ್ದರೆ ಹೊಸದರದ್ದು 495 ಮಿ.ಮೀ., ಇಕ್ಕಟ್ಟಾದ ಟರೆಟ್ಟಿನಲ್ಲಿ ಅದನ್ನು ತುಂಬುವುದು ನಿಧಾನ, ಅಲ್ಲಿ ಇರುವುದಾದರೋ ಇಬ್ಬರೇ, ಗುರಿಯಿಡುವವನೂ ಕಮಾಂಡರನೇ. ಆದ್ದರಿಂದ ನಮ್ಮ ಮೇಜಿನಲ್ಲಿ ಅದು ಒಂದು ಸರದಿಯಲ್ಲಿ ಚಲಿಸಿದರೆ ಗುಂಡು ಹಾರಿಸುವಂತಿಲ್ಲ, ಮತ್ತು ಅದು ಮೊದಲ ಬಾರಿ ಮರೆಯಿಂದ ಹೊರಬಂದಾಗ ಹತ್ತಿರದ ಜರ್ಮನ್ ತೋಪಿನ ಪರವಾಗಿ ಒಂದು ದಾಳ ಉರುಳಿಸುತ್ತೇವೆ. 1 ಬಿದ್ದರೆ ಆ ತೋಪು ಟರೆಟ್ಟಿನ ಬದಿಯ ಶಿಲುಬೆಯನ್ನು ಕಾಣದೆ ಇದರ ಮೇಲೆಯೇ ಗುಂಡು ಹಾರಿಸುತ್ತದೆ.