ತಪ್ಪು ಮಾಡಿದರೂ ಯಾರೂ ಹೇಳುವುದಿಲ್ಲ: ಜಪಾನಿ ಮನೆಯಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಇರುವುದು ಹೇಗೆ

ಮೊದಲ ಎರಡು ವಾರ ಆ ಮನೆಯ ಅಮ್ಮ ನನಗೆ ಒಂದು ತಪ್ಪನ್ನೂ ತೋರಿಸಲಿಲ್ಲ. ಎಲ್ಲ ಸರಿಯಾಗಿ ಮಾಡುತ್ತಿದ್ದೇನೆ ಅಂತ ನಾನೂ ಒಳಗೊಳಗೇ ಬೀಗುತ್ತಿದ್ದೆ. ಮೂರನೇ ವಾರ ಊಟಕ್ಕೆ ಕೂತಾಗ, ಎರಡನೇ ಕ್ಲಾಸಿನ ಅವರ ಮಗ, ಅಲ್ಲಿ ನನಗೆ ತಮ್ಮ, ಮೇಜಿನ ಕೆಳಗೆ ಬಗ್ಗಿ ನೋಡಿ ಕಿಸಕ್ಕನೆ ನಕ್ಕ. "ಇವತ್ತೂನಾ?" ಅಂದ. ನನ್ನ ಕಾಲಲ್ಲಿ ಟಾಯ್ಲೆಟ್‌ನ ಚಪ್ಪಲಿ ಇತ್ತು. ಚಪ್ಪಲಿಗಿಂತ ಹೆಚ್ಚು ನಾಚಿಕೆಯಾದದ್ದು ಅವನ 'ಇವತ್ತೂ'ಗೆ. ಅಷ್ಟು ದಿನವೂ ನಾನು ಎಲ್ಲೆಲ್ಲೋ ಬಿಟ್ಟ ಆ ಚಪ್ಪಲಿಯನ್ನು ಒಕಾಸನ್, ಅಂದರೆ ಆ ಅಮ್ಮ, ಸದ್ದಿಲ್ಲದೆ ತೆಗೆದು ಸ್ವಸ್ಥಾನಕ್ಕೆ ಸೇರಿಸಿ, ನೆಲ ಒರೆಸುತ್ತಿದ್ದರಂತೆ.

ಈ ವರ್ಷ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮನೆಯವರು ಸುಮ್ಮನಿದ್ದಾರೆ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ನಾವೇ ಬಾಯಿ ಬಿಟ್ಟು ಕೇಳಬೇಕು. ಅದೂ "ನಾನೇನಾದರೂ ತಪ್ಪು ಮಾಡ್ತಿದ್ದೀನಾ?" ಅಂತ ಕೇಳಿದರೆ "ಇಲ್ಲ ಇಲ್ಲ" ಅನ್ನುತ್ತಾರೆ, ಅಷ್ಟೇ. "ಒದ್ದೆ ಟವೆಲ್ ಎಲ್ಲಿ ಹಾಕಲಿ?" ಅಂತ ಒಂದೊಂದನ್ನೇ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಮನೆಯಲ್ಲಿ ಸಣ್ಣ ಮಗು ಇದ್ದರೆ ನಿಮ್ಮ ಪುಣ್ಯ. ಆ ಮನೆಯಲ್ಲಿ ಮುಲಾಜಿಲ್ಲದೆ ಮಾತಾಡುವುದು ಅದೊಂದೇ.

ನಾನು ಹತ್ತು ತಿಂಗಳು ಇದ್ದದ್ದು ಒಕಯಾಮಾದಲ್ಲಿ, ಹೈಸ್ಕೂಲು ವಿದ್ಯಾರ್ಥಿಯಾಗಿ. ಒಸಾಕಾದಿಂದ ಪಶ್ಚಿಮಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬಿಳಿ ಪೀಚ್ ಹಣ್ಣಿಗೆ ಹೆಸರಾದ ಊರು. ಮನೆಯಲ್ಲಿ ಅಮ್ಮ, ಅಪ್ಪ, ಅಜ್ಜಿ, ಈ ತಮ್ಮ. ಅಮ್ಮನನ್ನು ಒಕಾಸನ್ ಅಂತ, ಅಪ್ಪನನ್ನು ಒತೋಸನ್ ಅಂತ ಕರೆಯಬೇಕು. ಹೆಸರಿಡಿದು ಕರೆಯಬೇಡಿ. ಅಜ್ಜಿ ಒಬಾಸನ್. ಅದೇ ದೀರ್ಘ ಬಿಟ್ಟು ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ ಅಂತಾಗುತ್ತದೆ. ಬೇರೆ ದೇಶದಿಂದ ಬಂದವರು ಇಲ್ಲಿ ಒದ್ದಾಡುತ್ತಾರೆ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲ ನಮಗೆ ಒಂದನೇ ಕ್ಲಾಸಿನ ಪಾಠ, ಹಾಗಾಗಿ ಜಪಾನಿ ಪದಗಳನ್ನು ಕನ್ನಡದಲ್ಲಿ ಬರೆದುಕೊಂಡೇ ಕಲಿಯಿರಿ. ಇಂಗ್ಲಿಷಿನಲ್ಲಿ ಬರೆದುಕೊಂಡವರಿಗಿಂತ ನಮ್ಮ ಉಚ್ಚಾರಣೆ ಬೇಗ ಕೂರುತ್ತದೆ.

ಮನೆಯೊಳಗೆ ಕಾಲಿಡುವ ಜಾಗ ಗೆಂಕನ್. ಶೂ ಬಿಡುವುದು ಕೆಳಗೆ, ಮನೆ ಶುರುವಾಗುವುದು ಒಂದು ಮೆಟ್ಟಿಲು ಮೇಲೆ. ಬಿಟ್ಟ ಶೂಗಳ ಮೂತಿಯನ್ನು ಬಾಗಿಲ ಕಡೆ ತಿರುಗಿಸಿಡಿ. ಒಳಗೆ ಓಡಾಡಲು ಒಂದು ಚಪ್ಪಲಿ, ಟಾಯ್ಲೆಟ್‌ನೊಳಗೆ ಮಾತ್ರ ಇನ್ನೊಂದು, ತತಮಿ ಚಾಪೆ ಹಾಸಿದ ಕೋಣೆಯಲ್ಲಿ ಯಾವುದೂ ಇಲ್ಲ, ಬರೀ ಕಾಲುಚೀಲ. ಹೊರಡುವಾಗ "ಇತ್ತೆಕಿಮಸ್" ಅನ್ನಬೇಕು. ಅಕ್ಷರಶಃ ನಮ್ಮ 'ಹೋಗಿ ಬರ್ತೀನಿ'ಯೇ ಅದು. ಒಳಗಿನಿಂದ "ಇತ್ತೆರಶ್ಶೈ" ಅನ್ನುತ್ತಾರೆ, ಹೋಗಿ ಬಾ. ವಾಪಸ್ ಬಂದಾಗ ನೀವು "ತದೈಮ", ಅವರು "ಒಕಯೆರಿ". ಎರಡು ಸಲ ನಾನು ದಣಿದು ಬಂದವಳು ತದೈಮ ಹೇಳದೆ ನೆಟ್ಟಗೆ ಮಹಡಿ ಹತ್ತಿಬಿಟ್ಟೆ. ನಾನಿನ್ನೂ ಬಂದಿಲ್ಲವೆಂದು ಅಜ್ಜಿ ಕಿಟಕಿಯಲ್ಲೇ ನಿಂತಿದ್ದರಂತೆ. ಇದನ್ನೂ ತಮ್ಮನೇ ಹೇಳಿದ್ದು.

ಇನ್ನು ಸ್ನಾನ. ನಮ್ಮವರಿಗೆ ಇದೇ ದೊಡ್ಡ ಪರೀಕ್ಷೆ. ಒಂದೇ ತೊಟ್ಟಿ ನೀರಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ ಅಂದಾಗ, ಎಂಜಲು-ಮೈಲಿಗೆ ಕೇಳಿ ಬೆಳೆದ ನನ್ನ ಮುಖ ಹೇಗಾಗಿತ್ತೋ. ಆದರೆ ಆ ತೊಟ್ಟಿ ಮೈ ತೊಳೆಯಲು ಇರುವುದೇ ಅಲ್ಲ. ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕೂತು, ಸೋಪು ಶಾಂಪೂ ಎಲ್ಲ ಹಾಕಿ, ನೊರೆ ಒಂದಿಷ್ಟೂ ಉಳಿಯದ ಹಾಗೆ ತೊಳೆದುಕೊಂಡು, ಆಮೇಲೆ ಇಳಿಯಬೇಕು. ಕೂದಲು ಮೇಲೆತ್ತಿ ಕಟ್ಟಿ. ಟವೆಲನ್ನು ನೀರಿಗೆ ಇಳಿಸಬೇಡಿ. ನೀರು ನಲವತ್ತು ಡಿಗ್ರಿಯ ಆಚೆ-ಈಚೆ ಇರುತ್ತದೆ, ನಮ್ಮ ಮನೆಯಲ್ಲಿ 42. ಸುಡುತ್ತದೆ ಅಂತ ನಾನು ತಣ್ಣೀರಿನ ನಲ್ಲಿ ಬಿಟ್ಟು ಹದ ಮಾಡಿಕೊಂಡೆ. ನನ್ನ ನಂತರ ಮೂರು ಜನ ಆ ಉಗುರುಬೆಚ್ಚಗಿನ ನೀರಿಗೇ ಇಳಿಯಬೇಕಾಯಿತು. ಗೋಡೆಯ ಮೇಲಿನ ಪ್ಯಾನೆಲ್‌ನಲ್ಲಿ ಮತ್ತೆ ಕಾಯಿಸುವ ಬಟನ್ ಇರುತ್ತದೆ, ನಿಜ, ಆದರೆ ಗ್ಯಾಸಿನ ಬಿಲ್ಲು ಅವರದ್ದು. ಬಿಸಿ ತಡೆಯದಿದ್ದರೆ ಐದು ನಿಮಿಷ ಕೂತು ಎದ್ದುಬನ್ನಿ.

ಎದ್ದಮೇಲೆ ನೀರಲ್ಲಿ ತೇಲುವ ಕೂದಲು ತೆಗೆದು, ಮುಚ್ಚಳ ಮುಚ್ಚಿ. ಬಿರಡೆ ಮಾತ್ರ ಎಳೆಯಬೇಡಿ. ಎಲ್ಲರದ್ದೂ ಆದಮೇಲೂ ಆ ನೀರಿಗೆ ಕೆಲಸ ಇರಬಹುದು. ನಮ್ಮ ಮನೆಯಲ್ಲಿ ಪುಟ್ಟ ಪಂಪಿಟ್ಟು ಅದನ್ನು ವಾಷಿಂಗ್ ಮೆಷಿನ್ನಿಗೆ ಎಳೆದುಕೊಳ್ಳುತ್ತಿದ್ದರು. ಮೊದಲ ವಾರ ಅತಿಥಿ ಅಂತ ನನ್ನನ್ನೇ ಮೊದಲು ಕಳಿಸಿದರು. ಒಂದು ವಾರವಾದ ಮೇಲೆ "ನನ್ನ ಸರದಿ ಯಾವುದು?" ಅಂತ ಕೇಳಿದೆ. ಅಪ್ಪನ ನಂತರ, ಅಮ್ಮನಿಗಿಂತ ಮೊದಲು ಅಂತ ಗೊತ್ತಾಯಿತು. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ ಆಗಬೇಕು ಅನ್ನುವವರು ಆ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ. ಅಲ್ಲಿ ಸ್ನಾನ ರಾತ್ರಿಗೆ.

ಊಟದ ವಿಷಯ. ಮಾಂಸ ತಿನ್ನುವವರು ಈ ಭಾಗ ಹಾರಿಸಿ ಮುಂದೆ ಹೋಗಬಹುದು. ಸಸ್ಯಾಹಾರಿಗಳು ಇಲ್ಲಿಂದ ಹೊರಡುವ ಮೊದಲೇ ತಮ್ಮ ಗೆರೆ ಎಲ್ಲಿ ಅಂತ ತೀರ್ಮಾನ ಮಾಡಿಕೊಂಡು, ಆ ಮನೆಯವರಿಗೆ ಬರೆದು ತಿಳಿಸಬೇಕು. "ನಿಕು", ಅಂದರೆ ಮಾಂಸ, ತಿನ್ನುವುದಿಲ್ಲ ಅಂದರೆ ಸಾಲದು. ಅವರ ಲೆಕ್ಕದಲ್ಲಿ ಮೀನು ನಿಕು ಅಲ್ಲ. ಹ್ಯಾಮಿನ ನಾಲ್ಕು ಚೂರನ್ನು ಕೂಡ ಕೆಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಕಣ್ಣಿಗೆ ಕಾಣದ್ದು ದಶಿ. ಮಿಸೊ ಸೂಪಿಗೆ, ಬೇಯಿಸಿದ ತರಕಾರಿಗೆ, ನೂಡಲ್ಸಿನ ರಸಕ್ಕೆ, ಎಲ್ಲಕ್ಕೂ ತಳಹದಿ ಈ ಸಾರವೇ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಬೊನಿಟೊ ಮೀನಿನ ಹೆರೆಗಳಿಂದ ತೆಗೆಯುತ್ತಾರೆ. ಅಂಗಡಿಯಲ್ಲಿ ಸಿಗುವ 'ಕರಿ ರೂ' ಅನ್ನುವ ಕರಿ ಮಸಾಲೆಯ ಗಟ್ಟಿಗಳಲ್ಲಿ ಹೆಚ್ಚಿನವಕ್ಕೆ ದನದ್ದೋ ಹಂದಿಯದ್ದೋ ಕೊಬ್ಬು ಸೇರಿರುತ್ತದೆ. ಕರಿ ಅಂದ ತಕ್ಷಣ ನಮ್ಮ ಮನೆ ಅಡುಗೆ ಅಂತ ಹಿಗ್ಗಬೇಡಿ.

ನಾನು ಮೊಟ್ಟೆ ಆಗುತ್ತದೆ, ಮೀನಿನ ದಶಿ ಬೇಡ ಅಂದೆ. ಒಕಾಸನ್ ಒಂದು ಕ್ಷಣ ಕಂಗಾಲಾದರು. ಆಗ ಅಜ್ಜಿ "ಓ, ಶೋಜಿನ್" ಅಂದರು. ಶೋಜಿನ್ ರ‍್ಯೋರಿ ಅಂದರೆ ಬೌದ್ಧ ಮಠಗಳ ಅಡುಗೆ. ಮಾಂಸ ಮೀನು ಇರಲಿ, ಕಟ್ಟುನಿಟ್ಟಿನಲ್ಲಿ ಮಾಡಿದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದರಲ್ಲಿ ದಶಿ ತೆಗೆಯುವುದು ಕೊಂಬು ಅನ್ನುವ ಕಡಲ ಸೊಪ್ಪು ಮತ್ತು ಒಣಗಿಸಿದ ಶೀತಕೆ ಅಣಬೆಯಿಂದ. ಅವತ್ತಿನಿಂದ ಫ್ರಿಜ್ಜಿನಲ್ಲಿ ಒಂದು ಜಗ್‌ ತುಂಬ ನೀರು, ಅದರಲ್ಲಿ ಒಂದು ತುಂಡು ಕೊಂಬು, ಎರಡು ಅಣಬೆ ರಾತ್ರಿಯಿಡೀ ನೆನೆಯುತ್ತಿದ್ದವು. ಹಿರಿಯರಿರುವ ಮನೆಯಾದರೆ 'ವೆಜಿಟೇರಿಯನ್' ಅನ್ನುವುದಕ್ಕಿಂತ ಶೋಜಿನ್ ಅನ್ನುವ ಪದ ಬೇಗ ಕೆಲಸ ಮಾಡುತ್ತದೆ. ಜಗ್‌ಗೆ ದಿನಾ ನೀರು ತುಂಬಿಡುವ ಕೆಲಸ ನಾನೇ ವಹಿಸಿಕೊಂಡೆ. ನಮಗೋಸ್ಕರ ಬೇರೆ ಅಡುಗೆ ಮಾಡುವವರಿಗೆ ಅಷ್ಟಾದರೂ ಮಾಡಬೇಡವೇ.

ತಿನ್ನುವಾಗ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿಯಬೇಕು. ಊಟಕ್ಕೆ ಎಡಗೈ ತಾಗಿಸಬಾರದು ಅಂತ ಬೆಳೆದ ನಮಗೆ ಇದು ತಿಂಗಳಾದರೂ ಒಗ್ಗುವುದಿಲ್ಲ. ಆದರೆ ಬಟ್ಟಲು ಮೇಜಿನ ಮೇಲೇ ಬಿಟ್ಟು ಬಾಯಿ ಬಗ್ಗಿಸಿದರೆ ಅಲ್ಲಿ ಅಸಹ್ಯ. ತಿನ್ನುವ ಕಡ್ಡಿಗಳನ್ನು (ಚಾಪ್‌ಸ್ಟಿಕ್) ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸಬೇಡಿ, ದಹನದ ನಂತರ ಮೂಳೆ ಆಯುವಾಗ ಹಾಗೆ ಮಾಡುತ್ತಾರೆ. ನೂಡಲ್ಸನ್ನು ಸೊರ್ ಅಂತ ಎಳೆಯಬಹುದು. ಬಟ್ಟಲಲ್ಲಿ ಒಂದು ಅಗುಳೂ ಉಳಿಸಬೇಡಿ. ಶುರು ಮಾಡುವಾಗ "ಇತದಕಿಮಸ್", ಮುಗಿದಾಗ "ಗೊಚಿಸೋಸಮ".

ಒಂದು ವಾರ ನಾನು ಅರೆಹೊಟ್ಟೆಯಲ್ಲಿ ಮಲಗಿದೆ. ಕಾರಣ ನನ್ನ ತಲೆ. "ಇನ್ನೂ ಸ್ವಲ್ಪ ಅನ್ನ?" ಅಂತ ಒಕಾಸನ್ ಕೇಳಿದಾಗ ನಾನು ನಮ್ಮ ಹಾಗೆ ತಲೆ ಆಚೆ-ಈಚೆ ತೂಗುತ್ತಿದ್ದೆ, ಹಾಕಿ ಅನ್ನುವ ಅರ್ಥದಲ್ಲಿ. ಅವರಿಗೆ ಅದು 'ಬೇಡ'. ತಲೆ ಆಡಿಸುವುದು ಬಿಟ್ಟು "ದೈಜೋಬು" ಅನ್ನಲು ಕಲಿತೆ, ಅದು ಇನ್ನೂ ಎಡವಟ್ಟು. ಪರವಾಗಿಲ್ಲ ಅನ್ನುವ ಆ ಪದಕ್ಕೆ ಇಂಥಲ್ಲಿ 'ಬೇಡ, ಸಾಕು' ಅಂತಲೇ ಅರ್ಥ. ಬೇಕಿದ್ದರೆ "ಹೈ, ಒನೆಗೈಶಿಮಸ್" ಅನ್ನಿ, ಬಟ್ಟಲು ಮುಂದೆ ಚಾಚಿ. ಅವರ ಬಾಯಲ್ಲಿ "ಚೊತ್ತೊ…" ಅಂತ ಬಂದು ಮಾತು ಅಲ್ಲೇ ನಿಂತರೆ ಅದು 'ಆಗುವುದಿಲ್ಲ'. ಸ್ವಲ್ಪ ಅಂತ ಅದರ ಅರ್ಥ, ಆದರೆ ಏನು ಸ್ವಲ್ಪ ಅಂತ ಕಾಯುತ್ತ ನಿಲ್ಲಬೇಡಿ.

"ಏನಾದರೂ ಸಹಾಯ ಮಾಡಲಾ?" ಅಂದರೆ ಬೇಡ ಅನ್ನುವುದು ಖಚಿತ. ಒಂದು ಕೆಲಸ ನೋಡಿಟ್ಟುಕೊಂಡು "ಇದು ಇವತ್ತಿನಿಂದ ನಂದು" ಅನ್ನಿ. ನಾನು ಸ್ನಾನದ ತೊಟ್ಟಿ ಉಜ್ಜುವುದನ್ನೂ ಕಸ ಹಾಕುವುದನ್ನೂ ತಗೊಂಡೆ. ಕಸಕ್ಕೊಂದು ಕ್ಯಾಲೆಂಡರೇ ಇದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತಾರೆ. ಸುಡುವ ಕಸಕ್ಕೆ ಒಂದು ದಿನ, ಸುಡದ್ದಕ್ಕೆ ಇನ್ನೊಂದು, ಬಾಟಲಿ ಡಬ್ಬಿಗಳಿಗೆ ಮತ್ತೊಂದು. ಊರೂರಿಗೆ ಬೇರೆ ನಿಯಮ. ಪೆಟ್ ಬಾಟಲಿಯ ಮುಚ್ಚಳ ಬೇರೆ, ಲೇಬಲ್ ಬೇರೆ, ಬಾಟಲಿ ತೊಳೆದು ಬೇರೆ. ಬೆಳಿಗ್ಗೆ ಎಂಟರೊಳಗೆ ಇಟ್ಟು ಕಾಗೆ ಕೆದಕದ ಹಾಗೆ ಮೇಲೆ ಬಲೆ ಎಳೆಯಬೇಕು. ವಿಂಗಡಣೆ ತಪ್ಪಿದರೆ ಚೀಲದ ಮೇಲೆ ಸ್ಟಿಕ್ಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ, ಬೀದಿಯವರೆಲ್ಲ ನೋಡುತ್ತಾರೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಶಾಲೆಗೆ ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕೊಡೆ ಹಿಡಿದು ಸೈಕಲ್ ಹೊಡೆಯುವುದು ಅಲ್ಲಿ ನಿಷಿದ್ಧ. ಜೂನ್-ಜುಲೈನ ಮಳೆಗಾಲಕ್ಕೆ ರೇನ್‌ಕೋಟ್ ತೆಗೆದಿಡಿ. ಹೆಲ್ಮೆಟ್ ಹಾಕಲು ಎಲ್ಲ ಸವಾರರೂ ಪ್ರಯತ್ನಿಸಬೇಕು ಅಂತ 2023ರ ಏಪ್ರಿಲ್‌ನಿಂದ ಕಾನೂನಿದೆ. ಶಾಲೆಯೊಳಗೂ ಬೇರೆ ಶೂ, ತರಗತಿ ಗುಡಿಸುವವರು ನಾವೇ. ಇದೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ಯಾರೂ ಹೇಳದ್ದು ಬೆಂತೊ ಡಬ್ಬಿಯ ವಿಷಯ. ಸಂಜೆ ಮನೆಗೆ ಬಂದ ಕೂಡಲೇ ಊಟದ ಡಬ್ಬಿ ಬ್ಯಾಗಿನಿಂದ ತೆಗೆದು ನೀವೇ ತೊಳೆದಿಡಿ. ನಾನು ಒಂದು ಶುಕ್ರವಾರ ಮರೆತು ಸೋಮವಾರ ಬೆಳಿಗ್ಗೆ ತೆಗೆದೆ. ಒಕಾಸನ್ ನಕ್ಕರು. ತಮ್ಮ ಮೂಗು ಮುಚ್ಚಿಕೊಂಡ. ರಾತ್ರಿ ಊಟಕ್ಕೆ ಇರುವುದಿಲ್ಲವಾದರೆ ಮಧ್ಯಾಹ್ನದೊಳಗೆ ಲೈನ್ ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ. ರೈಲು ತಪ್ಪಿ ಹತ್ತು ನಿಮಿಷ ತಡವಾದರೂ ಕಳಿಸಿ.

ಚಳಿಯ ಬಗ್ಗೆ. ಒಕಯಾಮಾದಲ್ಲಿ ಹಿಮ ಅಪರೂಪ, ಆದರೂ ನನ್ನ ಬದುಕಿನಲ್ಲಿ ಅಷ್ಟು ಚಳಿ ತಿಂದದ್ದು ಆ ಮನೆಯೊಳಗೇ. ಜನ ಕೂತಿರುವ ಕೋಣೆಯನ್ನಷ್ಟೇ ಬೆಚ್ಚಗಿಡುತ್ತಾರೆ, ಹಜಾರ ಮಂಜುಗಡ್ಡೆ. ಹಾಗಾಗಿ ಬಾಗಿಲು ತೆರೆದ ಕೂಡಲೇ ಮುಚ್ಚಿ. ಹೊದಿಕೆ ಹೊದಿಸಿದ, ಅಡಿಯಲ್ಲಿ ಹೀಟರ್ ಇರುವ ಕೊತತ್ಸು ಮೇಜಿನೊಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತ ಕೂತರೆ ಏಳುವ ಮನಸ್ಸಾಗದು. ಅಲ್ಲೇ ನಿದ್ದೆ ಹೋದರೆ ಅಜ್ಜಿ ಬೈಯುತ್ತಾರೆ, ನೆಗಡಿ ಬರುತ್ತದಂತೆ. ಹತ್ತು ತಿಂಗಳಲ್ಲಿ ನಾನು ನೇರವಾಗಿ ಬೈಸಿಕೊಂಡದ್ದು ಅದೊಂದಕ್ಕೇ, ಬಹಳ ಸಂತೋಷವಾಯಿತು. ತತಮಿ ಕೋಣೆಯಾದರೆ ಫುತೊನ್ ಹಾಸಿಗೆಯನ್ನು ದಿನಾ ಬೆಳಿಗ್ಗೆ ಮಡಚಿ ಕಪಾಟಿಗೆ ಸೇರಿಸಿ. ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಉಳಿದ ಕೆಲವು ಬೇಗ ಹೇಳಿಬಿಡುತ್ತೇನೆ. ಉಳಿಯುವ ಜಾಗ ಗೊತ್ತಾದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಹದಿನಾರು ತುಂಬಿದವರು ರೆಸಿಡೆನ್ಸ್ ಕಾರ್ಡ್ ಸದಾ ಜೇಬಲ್ಲಿಡಬೇಕು. ವಿದ್ಯುತ್ 100 ವೋಲ್ಟ್, ಸಾಕೆಟ್ಟಿಗೆ ಎರಡು ಚಪ್ಪಟೆ ಪಿನ್. ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು, ಇಲ್ಲಿನ ಮಿಕ್ಸಿ ಹೊತ್ತುಕೊಂಡು ಹೋಗಬೇಡಿ. ಭೂಕಂಪಕ್ಕೆ ತುರ್ತು ಚೀಲ ಎಲ್ಲಿದೆ, ಮನೆ ಬಿಟ್ಟು ಓಡಬೇಕಾದರೆ ಸೇರುವ ಜಾಗ ಯಾವುದು ಅಂತ ಮೊದಲ ದಿನವೇ ಕೇಳಿ. ಭೂಕಂಪದ ಎಚ್ಚರಿಕೆಗೆ ಫೋನು ಒಮ್ಮೆಲೇ ಅರಚಿದಾಗ ಕೇಳಲು ಪುರುಸೊತ್ತಿರುವುದಿಲ್ಲ. ಅಲ್ಲಿ ರಾತ್ರಿ ಒಂಬತ್ತಾದಾಗ ನಮ್ಮಲ್ಲಿ ಸಂಜೆ ಐದೂವರೆ. ಊರಿಗೆ ಫೋನ್ ಮಾಡಲು ಅದೇ ಹೊತ್ತು ಸರಿ, ಆದರೆ ಗೋಡೆ ತೆಳ್ಳಗೆ, ನಮ್ಮ ದನಿ ದೊಡ್ಡದು. ಅಲ್ಲಿಯವರೆಗೆ ಕೋಣೆ ಸೇರಿಕೊಳ್ಳದೆ ಎಲ್ಲರ ಜೊತೆ ಹಾಲಿನಲ್ಲೇ ಇರಿ, ಹೋಮ್‌ವರ್ಕ್ ಕೂಡ ಅಲ್ಲೇ ಮಾಡಿ. ನನ್ನ ಜಪಾನಿ ಭಾಷೆಯ ಮುಕ್ಕಾಲು ಪಾಲು ಬಂದದ್ದು ಆ ಮೇಜಿನಿಂದ.

ಹೊರಡುವ ಮುನ್ನ ಒಂದು ಪತ್ರ ಕೈಯಲ್ಲೇ ಬರೆಯಿರಿ, ಜಪಾನಿಯಲ್ಲೇ. ನಾನು ಎರಡು ಪುಟ ಬರೆದೆ. ಒಕಾಸನ್ ಓದಿ, ಕಣ್ಣೊರೆಸಿಕೊಂಡು, "ಒಂದು ತಪ್ಪೂ ಇಲ್ಲ" ಅಂದರು. ತಮ್ಮ ಅದನ್ನು ಕಿತ್ತುಕೊಂಡು ಕೆಂಪು ಪೆನ್ಸಿಲ್ ತಂದು ಹನ್ನೊಂದು ಕಡೆ ಟಿಕ್ ಹಾಕಿದ. ಅಲ್ಲಿ ಸರಿ ಉತ್ತರಕ್ಕೆ ಹಾಕುವುದು ಸೊನ್ನೆ. ಟಿಕ್ ಹಾಕಿದರೆ ತಪ್ಪು ಅಂತ.