ಎರಡು ರಿಜಿಸ್ಟರುಗಳಲ್ಲಿ ಒಬ್ಬಳೇ ಹೆಂಗಸು

ಎಚ್‌ಐವಿ ತಡೆ ಯೋಜನೆಗಳ ಕಚೇರಿಯಲ್ಲಿ, ಮೌಲ್ಯಮಾಪನಕ್ಕೆ ಹೋಗಿದ್ದ ನನ್ನ ಮುಂದೆ ಎರಡು ರಿಜಿಸ್ಟರುಗಳಿದ್ದವು. ಒಂದು ಲೈಂಗಿಕ ಕಾರ್ಯಕರ್ತೆಯರದು, ಇನ್ನೊಂದು ಸೂಜಿಯ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರದು. ಮೊದಲನೆಯದರಲ್ಲಿ ಕಾಂಡೋಮ್ ಲೆಕ್ಕ, ಎರಡನೆಯದರಲ್ಲಿ ಸೂಜಿ-ಸಿರಿಂಜ್ ಲೆಕ್ಕ. ಎರಡೂ ಬಹಳ ಒಪ್ಪವಾಗಿದ್ದವು. ಒಂದು ಕಡೆಯೂ ಹೊಡೆದು ಹಾಕಿ ಬರೆದ ಗುರುತಿರಲಿಲ್ಲ. ಅದೇ ನನ್ನಲ್ಲಿ ಸಣ್ಣ ಅನುಮಾನ ಹುಟ್ಟಿಸಿತ್ತು. ಮೂರನೆಯ ದಿನ ಪೀರ್ ಎಜುಕೇಟರ್ (ಅದೇ ಸಮುದಾಯದಿಂದ ಬಂದ ಕಾರ್ಯಕರ್ತೆ) ಒಬ್ಬರು ಒಂದು ಬೆರಳನ್ನು ಈ ಪುಸ್ತಕದ ಸಾಲಿನ ಮೇಲೆ, ಇನ್ನೊಂದನ್ನು ಆ ಪುಸ್ತಕದ ಸಾಲಿನ ಮೇಲೆ ಇಟ್ಟು, "ಮೇಡಂ, ಇವರಿಬ್ಬರೂ ಒಬ್ಬಳೇ" ಎಂದರು.

ಇಂಥ ರಿಜಿಸ್ಟರುಗಳಲ್ಲಿ ಹೆಸರು ಬರೆಯುವುದಿಲ್ಲ, ಸಂಕೇತ ಮಾತ್ರ ಬರೆಯುತ್ತಾರೆ. ತಾಯಿಯ ಹೆಸರಿನ ಎರಡಕ್ಷರ, ಹುಟ್ಟಿದ ವರ್ಷ, ಕ್ರಮಸಂಖ್ಯೆ ಸೇರಿಸಿ ಅದನ್ನು ಮಾಡಿರುತ್ತಾರೆ. ಆಕೆ ಒಂದು ಕಡೆ ಒಂದು ವರ್ಷ ಹೇಳಿದ್ದರು, ಇನ್ನೊಂದು ಕಡೆ ಇನ್ನೊಂದು. ಹಾಗಾಗಿ ವರದಿಯ ಪ್ರಕಾರ ಇಬ್ಬರು ಫಲಾನುಭವಿಗಳು. ಒಬ್ಬರಿಗೆ ಕಾಂಡೋಮ್ ಸಿಕ್ಕಿದೆ, ಸೂಜಿ ಸಿಕ್ಕಿಲ್ಲ. ಇನ್ನೊಬ್ಬರಿಗೆ ಸೂಜಿ ಸಿಕ್ಕಿದೆ, ಕಾಂಡೋಮ್ ಸಿಕ್ಕಿಲ್ಲ. ಎರಡು ಯೋಜನೆಗಳೂ ತಮ್ಮ ಗುರಿ ತಲುಪಿದ್ದವು. ಆಕೆಯನ್ನು ಯಾರೂ ತಲುಪಿರಲಿಲ್ಲ.

ಇಂಥ ಯೋಜನೆಗಳ ಮೌಲ್ಯಮಾಪನಕ್ಕೆ ನಾನು ಬಂದದ್ದು ಲೆಕ್ಕಪತ್ರದ ಕಡೆಯಿಂದ, ಆರೋಗ್ಯದ ಕಡೆಯಿಂದಲ್ಲ. ಹಾಗಾಗಿ ಮೊದಲು ಮಾಡಿದ್ದು ಭಾಗಾಕಾರ. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ (ಯುಎನ್‌ಒಡಿಸಿ) ಹಾಗೂ ಅದರ ಏಡ್ಸ್ ಕಾರ್ಯಕ್ರಮ (ಯುಎನ್‌ಏಡ್ಸ್) ಸೇರಿ ಹೊರತಂದ ಮಾರ್ಗಸೂಚಿ ಒಂದಿದೆ. 2009ರದು, 2012ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಸೂಜಿ ಬಳಸುವ ಒಬ್ಬರಿಗೆ ವರ್ಷಕ್ಕೆ 100ಕ್ಕಿಂತ ಕಡಿಮೆ ಸಿರಿಂಜ್ ಹಂಚಿದ್ದರೆ ವ್ಯಾಪ್ತಿ ಕಡಿಮೆ, 100ರಿಂದ 200 ಆದರೆ ಮಧ್ಯಮ, 200 ದಾಟಿದರೆ ಹೆಚ್ಚು. 500 ಜನರಿಗೆ 60,000 ಸಿರಿಂಜ್ ಹಂಚಿದ್ದಾರೆ ಎಂದುಕೊಳ್ಳಿ. ತಲೆಗೆ 120. ಮಧ್ಯಮ, ಪರವಾಗಿಲ್ಲ. ಆದರೆ ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವವರಿಗೆ ಪ್ರತಿ ಸಲ ಹೊಸ ಸೂಜಿ ಬೇಕೆಂದರೆ ವರ್ಷಕ್ಕೆ 1,095 ಬೇಕು. ಮಾರ್ಗಸೂಚಿ ತಪ್ಪಲ್ಲ. ದೇಶದೇಶಗಳನ್ನು ಹೋಲಿಸಲು ಮಾಡಿದ ಅಳತೆಗೋಲು ಅದು. ಒಬ್ಬ ಹೆಂಗಸಿನ ಒಂದು ರಾತ್ರಿಯನ್ನು ಅಳೆಯಲು ಅದನ್ನೇ ಹಿಡಿದು ಹೊರಟ ನಾನು ತಪ್ಪು.

ಆ 500 ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ನಮ್ಮಲ್ಲಿ ನೋಂದಾಯಿಸಿಕೊಂಡವರು. ಬಾಗಿಲೊಳಗೆ ಬಂದವರನ್ನು ಮಾತ್ರ ಎಣಿಸಿ, ಅವರಲ್ಲಿ ಎಷ್ಟು ಮಂದಿಗೆ ಸೇವೆ ಸಿಕ್ಕಿತು ಎಂದು ಲೆಕ್ಕ ಹಾಕಿದರೆ ಫಲಿತಾಂಶ ಯಾವಾಗಲೂ ಸೊಗಸಾಗಿಯೇ ಇರುತ್ತದೆ.

ನನ್ನ ಮೊದಲ ಮೌಲ್ಯಮಾಪನದಲ್ಲಿ ಈ ತಪ್ಪನ್ನು ನಾನೇ ಮಾಡಿದ್ದೇನೆ. ಈ ಹೆಂಗಸರು ಬಂದು ಹೋಗುವ ಡ್ರಾಪ್ ಇನ್ ಸೆಂಟರಿನ ಪಟ್ಟಿಯಿಂದ ಕೆಲವರನ್ನು ಆರಿಸಿ, ಹಗಲು ಹೊತ್ತಿನಲ್ಲಿ, ಸೆಂಟರಿನಲ್ಲೇ ಕೂತು ಸಂದರ್ಶನ ಮಾಡಿದ್ದೆ. ಬಂದವರು ಬರಬಲ್ಲವರು. ಗಂಡನೋ ಗೆಳೆಯನೋ ಹೊರಗೆ ಬಿಡದವರು, ಹಗಲೆಲ್ಲ ನಿದ್ದೆಯಲ್ಲಿರುವವರು, ಮಕ್ಕಳನ್ನು ಕಿತ್ತುಕೊಂಡು ಹೋದಾರೆಂದು ಹೆದರಿ ತಾವು ಸೂಜಿ ಬಳಸುವುದನ್ನೇ ಮುಚ್ಚಿಟ್ಟವರು ಯಾರೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಮುಂದಿನ ಸಲ ಕೂಪನ್ ಪದ್ಧತಿ ಹಿಡಿದೆ. ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ಪ್ರಕಟಿಸಿದ ಕ್ರಮ ಅದು. ಕೆಲವರಿಂದ ಶುರು ಮಾಡಿ, ಪ್ರತಿಯೊಬ್ಬರ ಕೈಗೆ ಎರಡು ಮೂರು ಕೂಪನ್ ಕೊಟ್ಟು, ಅವರು ತಮ್ಮ ಪರಿಚಯದವರನ್ನು ಕಳಿಸುತ್ತಾರೆ. ಬಂದವರು ಮತ್ತೆ ತಮ್ಮವರನ್ನು ಕಳಿಸುತ್ತಾರೆ. ಹೆಚ್ಚು ಪರಿಚಯವಿರುವವರು ಮಾದರಿಯಲ್ಲಿ ಸುಲಭವಾಗಿ ಸೇರಿಬಿಡುವುದರಿಂದ, ಎಷ್ಟು ಮಂದಿಯ ಪರಿಚಯವಿದೆ ಎಂದು ಕೇಳಿಕೊಂಡು ಆ ಪ್ರಕಾರ ತೂಕ ಕೊಡಬೇಕು. ಕೂಪನ್ ಮಾರಾಟವಾಗುತ್ತದೆ, ಸಂಬಂಧವಿಲ್ಲದವರೂ ಬಂದು ಕೂರುತ್ತಾರೆ. ಅದನ್ನು ಹಿಡಿಯಲು ಬಾಗಿಲಲ್ಲಿ ಪೀರ್ ಎಜುಕೇಟರ್ ಒಬ್ಬರು ಇದ್ದರೆ ಸಾಕು, ಯಾವ ಸಾಫ್ಟ್‌ವೇರೂ ಬೇಡ.

ಸೂಜಿಯ ವಿಷಯಕ್ಕೆ ಬರೋಣ. ಒಬ್ಬರು ವಾರಕ್ಕೊಮ್ಮೆ ಬಂದು ದೊಡ್ಡ ಕಟ್ಟನ್ನೇ ಒಯ್ಯುತ್ತಿದ್ದರು. ರಿಜಿಸ್ಟರಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ "ಮಾರುತ್ತಾಳೆಯೇ?" ಎಂದು ಬರೆದಿದ್ದರು. ನಾನು ಕೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ, ಚೀಲ ತೆರೆದು, ಒಳಗಿದ್ದ ಸಿರಿಂಜ್‌ಗಳನ್ನು ಮೇಜಿನ ಮೇಲೆ ಸಣ್ಣ ಸಣ್ಣ ಗುಂಪು ಮಾಡಿ ಇಟ್ಟರು. ಇದು ಮೇಲಿನ ಮನೆಯವಳಿಗೆ, ಅವಳು ಇಲ್ಲಿಗೆ ಬರುವುದಿಲ್ಲ. ಇದು ಬಸುರಿಗೆ. ಇದು ಅಕ್ಕತಂಗಿಯರಿಬ್ಬರಿಗೆ, ಅವರಿಗೆ ಸಣ್ಣ ಸೂಜಿಯೇ ಆಗಬೇಕು, ದೊಡ್ಡದು ಕೊಟ್ಟರೆ ಎಸೆಯುತ್ತಾರೆ. ಉಳಿದದ್ದು ತನಗೆ. ಉಳಿದದ್ದು ನಾಲ್ಕು. ರಿಜಿಸ್ಟರಿನಲ್ಲಿ ಅತಿ ಹೆಚ್ಚು ಸೂಜಿ ಪಡೆದವರು ಆಕೆಯೇ.

ಆ ಮೇಜಿನ ಮೇಲಿನ ಗುಂಪುಗಳು ನನ್ನ ಪ್ರಶ್ನಾವಳಿಯ ಅರ್ಧಭಾಗವನ್ನು ಬದಲಿಸಿದವು. ಎಷ್ಟು ಪಡೆದಿರಿ ಎಂಬುದರ ಜೊತೆಗೆ ಎಷ್ಟು ಕೊಟ್ಟಿರಿ, ಯಾರಿಗೆ, ನಿಮಗೆ ಉಳಿದದ್ದೆಷ್ಟು ಎಂದು ಕೇಳತೊಡಗಿದೆ. ಸಿರಿಂಜಿನ ಬಗೆಯನ್ನೂ ಬರೆದುಕೊಳ್ಳತೊಡಗಿದೆ. ಸೂಜಿ ಬಿಚ್ಚಿ ಜೋಡಿಸುವಂಥದ್ದರ ತುದಿಯಲ್ಲಿ, ಒತ್ತಿ ಮುಗಿಸಿದ ಮೇಲೂ ರಕ್ತ ಹೆಚ್ಚು ಉಳಿಯುತ್ತದೆ. ಸೂಜಿ ಅಂಟಿಕೊಂಡೇ ಬರುವ ಸಣ್ಣ ಸಿರಿಂಜಿನಲ್ಲಿ ಬಹಳ ಕಡಿಮೆ. 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಈ ಎರಡನೆಯ ಬಗೆಯನ್ನೂ ಕೊಡಬೇಕೆಂದು ಹೇಳಿದೆ. ಹಂಚಿದ್ದೆಷ್ಟು ಎಂಬ ಕಾಲಮ್ಮಿಗೆ ಎರಡೂ ಒಂದೇ.

ಹಂಚಿಕೊಳ್ಳುತ್ತೀರಾ ಎಂದು ಕೇಳಬಾರದು. "ಇಲ್ಲ" ಎಂದೇ ಉತ್ತರ ಬರುತ್ತದೆ, ಮತ್ತು ಆ ಉತ್ತರ ಸುಳ್ಳಲ್ಲ. ಗೆಳೆಯ ಮೊದಲು ಚುಚ್ಚಿಕೊಂಡು, ಅದೇ ಸಿರಿಂಜಿನಿಂದ ಆಕೆಗೂ ಚುಚ್ಚಿದರೆ ಅವರ ಮಟ್ಟಿಗೆ ಅದು ಹಂಚಿಕೆಯಲ್ಲ, ಸಂಸಾರ. ಹಾಗಾಗಿ ಕೇಳಬೇಕಾದದ್ದು ಕೊನೆಯ ಸಲದ ಬಗ್ಗೆ: ಎಲ್ಲಿ ಕೂತಿದ್ದಿರಿ, ಯಾರು ಚುಚ್ಚಿದರು, ಮೊದಲು ಯಾರಿಗೆ, ಪುಡಿ ಕರಗಿಸಿದ ಚಮಚ ಎಷ್ಟಿತ್ತು, ಸೋಸಿದ ಹತ್ತಿ ಯಾರದು, ನೀರು ಯಾವುದು. ಹೊಸ ಸೂಜಿ ಇದ್ದು ಚಮಚವೊಂದೇ ಆದರೆ ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಸೋಂಕು ಅಲ್ಲಿಂದಲೇ ಬರಬಹುದು. ಕಾಂಡೋಮಿನದೂ ಇದೇ ಕತೆ. ಕಾಂಡೋಮ್ ಎಚ್‌ಐವಿ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಕೊಡುತ್ತಾರೆ. ಅದನ್ನು ನಾನು ಫಾರಮ್ಮಿನಿಂದ ತೆಗೆದೇಬಿಟ್ಟೆ. ನಶೆ ಇಳಿದು ಮೈಯೆಲ್ಲ ಹಿಂಡುತ್ತಿರುವಾಗ, ಕಾಂಡೋಮ್ ಬೇಡ ಎಂದು ಗಿರಾಕಿ ಹೆಚ್ಚು ಹಣ ತೋರಿಸಿದಾಗ ಏನಾಯಿತು ಎಂಬುದೇ ಪ್ರಶ್ನೆ. ಎರಡು ಅಪಾಯಗಳು ಅಲ್ಲಿ ಒಂದನ್ನೊಂದು ಎಳೆದುಕೊಂಡು ಬರುತ್ತವೆ. ಆ ಗಳಿಗೆಯಲ್ಲಿ ಮಾದಕ ವಸ್ತುವಿನ ಬದಲಿಗೆ ಕೊಡುವ ಔಷಧ, ಮೆಥಡೋನ್ ಅಥವಾ ಬುಪ್ರೆನಾರ್ಫಿನ್, ಸಿಗುತ್ತಿದೆಯೇ ಎಂಬುದು ಕಾಂಡೋಮ್ ಬಳಕೆಯ ಪ್ರಶ್ನೆಯೂ ಹೌದು. ಇದನ್ನು ಅರ್ಥ ಮಾಡಿಸಲು ಅನುದಾನ ಕೊಡುವವರೊಡನೆ ನಾನು ಕಳೆದ ಗಂಟೆಗಳನ್ನು ಯಾವ ಬಜೆಟ್ಟಿನಲ್ಲೂ ತೋರಿಸಿಲ್ಲ.

ಮುಖಾಮುಖಿ ಕೇಳಿದರೆ ಮರ್ಯಾದೆಯ ಉತ್ತರ ಬರುತ್ತದೆ. ಅದಕ್ಕೆ ಮತಗಟ್ಟೆ ಸಮೀಕ್ಷೆ ಒಳ್ಳೆಯದು. ಹತ್ತು ಹನ್ನೆರಡು ಮಂದಿಯನ್ನು ಕೂರಿಸಿ, ಒಬ್ಬೊಬ್ಬರ ನಡುವೆ ಮರೆ ಇಟ್ಟು, ಬಣ್ಣದ ಡಬ್ಬಿಗಳನ್ನು ಕೊಡುತ್ತೇವೆ. ನಾನು ಪ್ರಶ್ನೆ ಓದುತ್ತೇನೆ, ಅವರು ಆ ಸಂಖ್ಯೆಯ ಚೀಟಿಯನ್ನು ಹೌದು ಡಬ್ಬಿಗೋ ಇಲ್ಲ ಡಬ್ಬಿಗೋ ಹಾಕುತ್ತಾರೆ. ಓದು ಬರಹ ಬಾರದವರಿಗೂ ಕಷ್ಟವಿಲ್ಲ. ಚೀಟಿಯ ಮೇಲೆ ವ್ಯಕ್ತಿಯ ಗುರುತಿಲ್ಲ, ಹಾಗಾಗಿ ಯಾರ ಉತ್ತರ ಯಾವುದೆಂದು ನನಗೂ ತಿಳಿಯದು. ಅದೇ ಅದರ ಬಲ, ಅದೇ ಅದರ ಮಿತಿ: ಸೂಜಿ ಎರವಲು ಪಡೆದವರೇ ಕಾಂಡೋಮ್ ಬಿಟ್ಟವರೇ ಎಂದು ಜೋಡಿಸಿ ನೋಡಲಾಗದು. ಎರಡು ಅಪಾಯವೂ ಒಟ್ಟಿಗೇ ಇರುವವರನ್ನು ಹುಡುಕುವ ನನ್ನಂಥವಳಿಗೆ ಇದು ದೊಡ್ಡ ಕೊರತೆ. ಕೊನೆಗೆ ಒಂದು ಉಪಾಯ ಮಾಡಿದೆವು. "ಕಳೆದ ವಾರ ಎರಡೂ ಆಯಿತೇ?" ಎಂಬುದನ್ನೇ ಒಂದು ಪ್ರಶ್ನೆಯಾಗಿಸಿದೆವು.

ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸೂಜಿ ಕೊಡದ ಗುಂಪನ್ನು ಇಟ್ಟುಕೊಳ್ಳುವಂತಿಲ್ಲ. ಉಪಯೋಗ ಗೊತ್ತಿದ್ದೂ ತಡೆಹಿಡಿದಂತಾಗುತ್ತದೆ. ಮೆಕ್ಸಿಕೊದ ತಿಹುವಾನಾ ಮತ್ತು ಸಿಯುದಾದ್ ಹುವಾರೆಸ್ ನಗರಗಳಲ್ಲಿ ಸೂಜಿ ಬಳಸುವ 584 ಲೈಂಗಿಕ ಕಾರ್ಯಕರ್ತೆಯರೊಡನೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಇಷ್ಟವಾದದ್ದು ಇದಕ್ಕೇ. ಎಲ್ಲರಿಗೂ ಏನಾದರೊಂದು ಸಿಕ್ಕಿತು. ಬದಲಾಗಿದ್ದು ಕಲಿಸುವ ರೀತಿ. ಲೈಂಗಿಕ ಅಪಾಯ, ಸೂಜಿಯ ಅಪಾಯ ಎರಡಕ್ಕೂ ಬೇರೆ ಬೇರೆಯಾಗಿ ಚೀಟಿ ಎತ್ತಿ ನಾಲ್ಕು ಗುಂಪು ಮಾಡಿದ್ದರು. ಎರಡು ನಗರಗಳಲ್ಲಿ ಫಲಿತಾಂಶ ಒಂದೇ ಬಗೆಯಾಗಿ ಬರಲಿಲ್ಲ. ಒಂದು ಊರಿನ ಯಶಸ್ಸನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡಲು ಹೊರಟವರಿಗೆ ನಾನು ಇದನ್ನೇ ಹೇಳುತ್ತೇನೆ.

ಸೋಂಕಿತರ ಒಟ್ಟು ಪ್ರಮಾಣ ಏರಿತೆಂದು ಯೋಜನೆ ಸೋತಿತೆನ್ನುವವರೂ ಇದ್ದಾರೆ. ಎಆರ್‌ಟಿ, ಅಂದರೆ ಎಚ್‌ಐವಿಯ ಔಷಧ ಚಿಕಿತ್ಸೆ, ಸಿಕ್ಕು ಜನ ಬದುಕುಳಿದರೂ ಆ ಪ್ರಮಾಣ ಏರುತ್ತದೆ. ನೋಡಬೇಕಾದದ್ದು ಹೊಸ ಸೋಂಕು.

ನನ್ನ ವರದಿಯ ಕರಡನ್ನು ಆ ಹೆಂಗಸರಿಗೇ ಓದಿ ಹೇಳುವ ಅಭ್ಯಾಸವಿದೆ. ಒಮ್ಮೆ ಗೋಡೆಗೆ ನಕ್ಷೆ ಅಂಟಿಸಿ, ಮೂರನೆಯ ತ್ರೈಮಾಸಿಕದಲ್ಲಿ ಸೂಜಿ ಎರವಲು ಇಳಿದಿದೆ ಎಂದು ಗೆರೆ ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಕೂತಿದ್ದವರೊಬ್ಬರು ಕೇಳಿದರು, "ಅದು ಯಾವ ತಿಂಗಳು?" ಹೇಳಿದೆ. "ಆಗ ಪೊಲೀಸರು ದಾಳಿ ಮಾಡಿದ್ದರಲ್ಲ ಮೇಡಂ. ನಮ್ಮಲ್ಲಿ ಅರ್ಧ ಜನ ಒಳಗಿದ್ದೆವು. ನೀವು ಯಾರನ್ನು ಕೇಳಿದಿರಿ?"

ಆ ಗೆರೆಯನ್ನು ವರದಿಯಿಂದ ತೆಗೆದೆ. ಮುಂದಿನ ಸುತ್ತಿನ ಫಾರಮ್ಮಿನಲ್ಲಿ ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಬಂಧನದಲ್ಲಿದ್ದಿರಿ, ಒಳಗೆ ಸೂಜಿ ಯಾರದಿತ್ತು ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದೆವು. ಎರಡನೆಯದನ್ನು ಬರೆಸಿದವರು ಅವರೇ.