ಬಿಸಿಲಿಗೆ ಕಾಲು ಎಳೆದರೆ ಅದು ಹೊಸ ಅಟ್ಯಾಕೇ?

ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಎಂಬ ನರದ ಕಾಯಿಲೆ ಇರುವ ನನ್ನಂಥವರಿಗೆ ಕಲಬುರಗಿಯ ಏಪ್ರಿಲ್ ಬಲು ಕಷ್ಟದ ತಿಂಗಳು. ಮಧ್ಯಾಹ್ನ ಹೊರಗೆ ಹೋಗಿ ಬರುವಷ್ಟರಲ್ಲಿ, ಹಿಂದೊಮ್ಮೆ ಮಂಜಾಗಿ ಸರಿಹೋಗಿದ್ದ ಕಣ್ಣು ಮತ್ತೆ ಮಂಜಾಗುತ್ತದೆ, ಹಿಂದೆ ಸೋತಿದ್ದ ಕಾಲು ಮತ್ತೆ ಎಳೆಯತೊಡಗುತ್ತದೆ. ಮನೆಯವರು ಇದು ಹೊಸ ಅಟ್ಯಾಕ್, ಅಂದರೆ ಕಾಯಿಲೆ ಮತ್ತೆ ಕೆರಳಿದೆ ಎಂದು ಗಾಬರಿಯಾಗಿ ಸ್ಟೀರಾಯ್ಡ್ ಡ್ರಿಪ್ ಬಗ್ಗೆ ಮಾತಾಡುತ್ತಾರೆ. ಹೆಚ್ಚಿನ ಸಲ ಅದು ಬೇಕಿರುವುದಿಲ್ಲ.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿ ನರತಂತುಗಳನ್ನು ಸುತ್ತಿರುವ ಮೈಲಿನ್ ಎಂಬ ಹೊದಿಕೆಯನ್ನು ಕೆಡಿಸುತ್ತದೆ. ಅಟ್ಯಾಕ್ ಇಳಿದ ಮೇಲೂ ಕೆಲವು ಕಡೆ ಹೊದಿಕೆ ತೆಳುವಾಗಿಯೇ ಉಳಿಯುತ್ತದೆ. ತಂಪಿರುವಾಗ ಆ ಜಾಗವನ್ನು ಹೇಗೋ ದಾಟುವ ನರದ ಸಂಕೇತ, ಮೈಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಅಲ್ಲೇ ನಿಂತುಬಿಡಬಹುದು. ದಣಿವಾದಾಗ ರೋಗಿಗಳ ದೃಷ್ಟಿ ಮಂಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ಬರೆದಿಟ್ಟರು. ಕಾರಣ ಮೈಯ ಶಾಖ ಎಂಬುದು ಗೊತ್ತಾದದ್ದು ಆಮೇಲೆ. ಇದರಿಂದ ನರಕ್ಕೆ ಹೊಸ ಪೆಟ್ಟೇನೂ ಬೀಳುವುದಿಲ್ಲ, ಮೈ ತಣಿದರೆ ಸರಿಹೋಗುತ್ತದೆ.

ಹೀಗಾದಾಗ ನಾನು ಮೊದಲು ಮಾಡುವುದು ಫ್ಯಾನಿನ ಕೆಳಗೆ ಕೂರುವುದು, ಥರ್ಮಾಮೀಟರ್ ಇಡುವುದು. ತಣ್ಣೀರಲ್ಲಿ ಅದ್ದಿ ಹಿಂಡಿದ ಟವೆಲ್ ಕತ್ತಿಗೆ ಮತ್ತು ಮುಂಗೈಗೆ ಸುತ್ತಿ, ತಣ್ಣನೆಯ ಮಜ್ಜಿಗೆ ಕುಡಿದು ಒಂದು ಗಂಟೆ ಕಾಯುತ್ತೇನೆ. ಅಷ್ಟರಲ್ಲಿ ಕಾಲು ಹಗುರಾದರೆ ಕಾರಣ ಬಿಸಿಲೇ. ಐಸ್ ಪ್ಯಾಕ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು, ಸ್ಪರ್ಶಜ್ಞಾನ ಕಡಿಮೆಯಾದ ಚರ್ಮಕ್ಕೆ ಐಸ್ ಸುಡುವುದೂ ಗೊತ್ತಾಗುವುದಿಲ್ಲ.

ಜ್ವರ 100 ಫ್ಯಾರನ್‌ಹೀಟ್ ದಾಟಿದ್ದರೆ, ಅಥವಾ ಕಾಲಿನ ತೊಂದರೆ ಒಂದು ಗಂಟೆಯಲ್ಲಿ ಇಳಿಯದಿದ್ದರೆ, ಮೊದಲ ಅನುಮಾನ ಮೂತ್ರದ ಸೋಂಕಿನ ಮೇಲೆ. ಎಂಎಸ್‌ನಲ್ಲಿ ಉರಿ ಗೊತ್ತಾಗದೆಯೂ ಇರಬಹುದು. ಮೂತ್ರ ಕದಡಿದೆಯೇ, ನಾರುತ್ತಿದೆಯೇ, ಸ್ನಾಯುಗಳ ಸೆಡೆತ ದಿಢೀರನೆ ಹೆಚ್ಚಿದೆಯೇ ನೋಡಿ, ಮೂತ್ರವನ್ನು ರೂಟೀನ್ ಪರೀಕ್ಷೆ ಮತ್ತು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಎರಡಕ್ಕೂ ಕೊಡುತ್ತೇನೆ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಕಲ್ಚರ್‌ಗೆ ಕೊಡಬೇಕು, ಇಲ್ಲದಿದ್ದರೆ ವರದಿ ದಾರಿ ತಪ್ಪಿಸುತ್ತದೆ. ಸೋಂಕನ್ನು ಗಮನಿಸದೆ ಸ್ಟೀರಾಯ್ಡ್ ಏರಿಸಿದರೆ ಸೋಂಕೇ ಉಲ್ಬಣಿಸುತ್ತದೆ.

ಈ ಸೋಂಕನ್ನು ಬಹುಮಟ್ಟಿಗೆ ನಾವೇ ತಂದುಕೊಳ್ಳುತ್ತೇವೆ. ಪದೇ ಪದೇ ಮೂತ್ರಕ್ಕೆ ಓಡುವ ಮುಜುಗರಕ್ಕೆ ನೀರು ಕುಡಿಯುವುದನ್ನೇ ಬಿಡುವುದು ತೀರಾ ಸಾಮಾನ್ಯ. ನಾನು ಹಗಲಲ್ಲಿ ಎರಡು ಲೀಟರ್ ಹಂಚಿಕೊಂಡು ಕುಡಿದು, ಸಂಜೆ ಏಳರ ನಂತರ ಕಡಿಮೆ ಮಾಡುತ್ತೇನೆ. ಮೂತ್ರ ಮಾಡಿದ ಮೇಲೂ ಮೂತ್ರಕೋಶದಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ಉಳಿಯುತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸದೆ ಮೂತ್ರದ ಅವಸರ ತಗ್ಗಿಸುವ ಮಾತ್ರೆ ನುಂಗಬಾರದು. ಉಳಿಯುತ್ತಿದ್ದರೆ ಆ ಮಾತ್ರೆಯಿಂದ ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಹಾಗಾದರೆ ನಿಜವಾದ ಅಟ್ಯಾಕ್ ಯಾವುದು? ಹೊಸ ಲಕ್ಷಣ, ಅಥವಾ ಹಳೆಯದೇ ಸ್ಪಷ್ಟವಾಗಿ ಬಿಗಡಾಯಿಸಿದ್ದು. ಜ್ವರವಿಲ್ಲದೆ, ಸೋಂಕಿಲ್ಲದೆ 24 ಗಂಟೆಗೂ ಮೀರಿ ಬಿಡದೆ ಉಳಿದಿರಬೇಕು, ಹಿಂದಿನ ಅಟ್ಯಾಕಿಗೂ ಇದಕ್ಕೂ ಕನಿಷ್ಠ 30 ದಿನಗಳ ಅಂತರವಿರಬೇಕು. ಕಣ್ಣು ಹೊರಳಿಸಿದಾಗ ಒಂದೇ ಕಣ್ಣಲ್ಲಿ ನೋವು ಬಂದು ದೃಷ್ಟಿ ಮಂಕಾಗುತ್ತಾ ಹೋದರೆ, ಮೂತ್ರ ಪೂರ್ತಿ ಕಟ್ಟಿದರೆ, ನುಂಗುವಾಗ ಸಿಕ್ಕಿಕೊಂಡರೆ ಗಂಟೆ ಎಣಿಸುತ್ತಾ ಕೂರದೆ ನರರೋಗ ತಜ್ಞರಿಗೆ ಫೋನ್ ಮಾಡಬೇಕು. ಆಗ ಸಾಮಾನ್ಯವಾಗಿ ಕೊಡುವುದು ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, 3ರಿಂದ 5 ದಿನ. ಅದು ಚೇತರಿಕೆಯನ್ನು ಬೇಗ ತರುತ್ತದೆ ಅಷ್ಟೇ, ಮುಂದಿನ ಅಟ್ಯಾಕನ್ನು ತಡೆಯುವುದಿಲ್ಲ. ಶುಗರ್ ಏರುತ್ತದೆ, ನಿದ್ದೆ ಹಾರಿಹೋಗುತ್ತದೆ. ಅಟ್ಯಾಕ್ ತಡೆಯುವ ಮಾತ್ರೆ, ಇಂಜೆಕ್ಷನ್‌ಗಳೇ ಬೇರೆ, ಅವನ್ನು ಚೆನ್ನಾಗಿದ್ದಾಗಲೂ ಬಿಡುವಂತಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಒಂದು ನೂರು ಪುಟದ ನೋಟ್‌ಬುಕ್ ಸಾಕು: ತಾರೀಖು, ಎಷ್ಟು ಹೊತ್ತಿಗೆ ಶುರುವಾಯಿತು, ಎಡವೋ ಬಲವೋ, ಹೊಸದೋ ಹಳೆಯದೋ, ಜ್ವರ ಎಷ್ಟು, ಎಷ್ಟು ಗಂಟೆಯಲ್ಲಿ ಇಳಿಯಿತು. “ಯಾಕೋ ಒಂಥರಾ ಆಗ್ತಿದೆ ಡಾಕ್ಟ್ರೇ” ಎಂಬ ಮಾತಿನಿಂದ ಅವರಿಗೇನೂ ತಿಳಿಯುವುದಿಲ್ಲ.

ಕೂಲರ್ ಬಗ್ಗೆ ಒಂದು ಮಾತು. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ನೀರು ಆವಿಯಾಗುವುದೇ ಕಷ್ಟ, ಅಲ್ಲಿ ಎಸಿಗೇ ಖರ್ಚು ಮಾಡಬೇಕು.

ವ್ಯಾಯಾಮ ಬಿಡಬಾರದು, ಬೆಳಗ್ಗೆ ಆರಕ್ಕೆ ಮುಗಿಸಿದರಾಯಿತು. ಬಿಸಿಲಿಗಿಂತ ಹೆಚ್ಚು ಜನ ಬೀಳುವುದು ಬಚ್ಚಲಲ್ಲಿ ಎಂದು ನನಗನಿಸುತ್ತದೆ. ಯುಗಾದಿಗೆ, ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಹಂಡೆಯ ಸುಡುನೀರು ಹುಯ್ದುಕೊಂಡರೆ ಐದು ನಿಮಿಷದಲ್ಲಿ ಕಾಲಿನ ಬಲ ಹೋಗುತ್ತದೆ, ಕೆಳಗೆ ಎಣ್ಣೆ ಜಿಡ್ಡಿನ ನೆಲ. ಎಣ್ಣೆ ಸ್ನಾನ ಬಿಡಬೇಕಿಲ್ಲ. ನೀರು ಉಗುರುಬೆಚ್ಚಗಿರಲಿ, ಕೂರಲು ಗಟ್ಟಿ ಸ್ಟೂಲ್, ಗೋಡೆಗೊಂದು ಹಿಡಿಕೆ ಇರಲಿ. ಚಿಲಕ ಮಾತ್ರ ಹಾಕಿಕೊಳ್ಳಬಾರದು.